ಮೊಳಕೆಯ ಸಿರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಕೇಳದ ಕನ್ನಡ ಮನೆಯಿಲ್ಲ. ಮಗು ಹಾಡಿನ ತಾಳಕ್ಕೆ ತಲೆದೂಗಿದರೆ ಅಜ್ಜಿ ಈ ಮಾತನ್ನು ಆಡುತ್ತಾಳೆ. ಮಗನಿಗೆ ಲೆಕ್ಕದಲ್ಲಿ ನೂರಕ್ಕೆ ನೂರು ಬಂದ ದಿನ ತಂದೆಯೂ ಇದನ್ನೇ ನೆನೆಯುತ್ತಾನೆ. ಆದರೆ ಗಾದೆ ಒಂದು ಸಂಗತಿಯನ್ನು ಹೇಳದೆ ಬಿಟ್ಟಿದೆ. ಸಿರಿಯು ಮೊಳಕೆಯಲ್ಲಿ ಇರುವುದೇನೋ ಸರಿ. ಅದನ್ನು ಕಾಣುವ ಕಣ್ಣು ಯಾರದು? ಆ ಕಣ್ಣು ತಪ್ಪಿದರೆ ನಷ್ಟ ಯಾರಿಗೆ?

ಈ ಪ್ರಶ್ನೆಗೆ ಉತ್ತರವನ್ನು ಅರಸಲು ತುಮಕೂರಿನವರು ಬಹು ದೂರ ಹೋಗಬೇಕಾದುದಿಲ್ಲ. ಪಟ್ಟಣದಿಂದ ತೆಂಕಣಕ್ಕೆ ಕುಣಿಗಲ್, ಪಡುವಣಕ್ಕೆ ಗುಬ್ಬಿ. ಎಳೆಯದನ್ನು ಕಂಡು ಮುಂದಿನದನ್ನು ಊಹಿಸುವುದೇ ಕಸುಬಾದ ಎರಡು ನೆಲೆಗಳು ಈ ಎರಡು ಊರುಗಳಲ್ಲಿ ಹುಟ್ಟಿಕೊಂಡುವು. ಕುಣಿಗಲ್ಲಿನಲ್ಲಿ ಕುದುರೆಮರಿಯನ್ನು ಅಳೆದರು. ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಹುಡುಗರನ್ನು ಅಳೆದರು.

ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆಗಳನ್ನು ಒದಗಿಸಲು ಏರ್ಪಟ್ಟ ಕುಣಿಗಲ್ಲಿನ ಕುದುರೆ ಫಾರಂ, ಕಾಲ ಬದಲಾದಂತೆ ಪಂದ್ಯದ ಕುದುರೆಗಳನ್ನು ಬೆಳೆಸುವ ನೆಲೆಯಾಗಿ ಹೆಸರಾಯಿತು. ಪಂದ್ಯದ ಕುದುರೆಯ ಲೆಕ್ಕಾಚಾರ ಅದು ಹುಟ್ಟುವ ಮೊದಲೇ ಆರಂಭವಾಗುತ್ತದೆ. ತಾಯಿ ಕುದುರೆ ಹನ್ನೊಂದು ತಿಂಗಳು ಗಬ್ಬ ಹೊತ್ತು ಈಯುತ್ತದೆ. ಅಷ್ಟರೊಳಗೆ ಹುಟ್ಟಲಿರುವ ಮರಿಯ ತಂದೆ ಯಾವ ಪಂದ್ಯವನ್ನು ಗೆದ್ದಿತ್ತು, ತಾಯಿಯ ತಾಯಿ ಎಷ್ಟು ದೂರ ಓಡಬಲ್ಲುದಾಗಿತ್ತು ಎಂಬುದೆಲ್ಲ ಕಾಗದದ ಮೇಲೆ ಸಿದ್ಧವಾಗಿರುತ್ತದೆ. ಈ ತಳಿಯ ವಂಶಾವಳಿಯ ಪುಸ್ತಕ ಇಂಗ್ಲೆಂಡಿನಲ್ಲಿ ಮೊದಲು ಅಚ್ಚಾದುದು 1791ರಲ್ಲಿ. ಮನುಷ್ಯರಲ್ಲಿ ರಾಜಮನೆತನಗಳಿಗೂ ಇಷ್ಟು ಚೊಕ್ಕವಾದ ದಾಖಲೆ ದೊರೆಯುವುದು ಅಪರೂಪ.

ಮರಿಗೆ ಒಂದು ವರ್ಷ ತುಂಬಿತೆಂದರೆ ಕೊಳ್ಳುವವರು ಬಂದು ನೋಡುತ್ತಾರೆ. ಅದನ್ನು ಒಮ್ಮೆ ಎದುರಿಗೆ, ಒಮ್ಮೆ ಬೆನ್ನು ತೋರಿಸಿ, ಒಮ್ಮೆ ಅಡ್ಡಲಾಗಿ ನಡೆಸುತ್ತಾರೆ. ಮುಂಗಾಲು ನೆಟ್ಟಗೆ ಬೀಳುತ್ತದೆಯೇ? ನಡೆಯುವಾಗ ಹಿಂಗಾಲು ಮುಂಗಾಲಿನ ಹೆಜ್ಜೆಗುರುತನ್ನು ದಾಟುತ್ತದೆಯೇ? ಎದೆಗೂಡು ಆಳವಾಗಿದೆಯೇ? ಹೊಸಬರು ಹತ್ತಿರ ಬಂದರೆ ಬೆದರುತ್ತದೆಯೋ, ಕಿವಿ ಚುರುಕು ಮಾಡಿಕೊಂಡು ನೋಡುತ್ತದೆಯೋ? ಇವೆಲ್ಲ ತಲೆಮಾರುಗಳ ಅನುಭವದಿಂದ ಬಂದ ಪರೀಕ್ಷೆಗಳು, ಹಗುರವಾಗಿ ಕಾಣತಕ್ಕವಲ್ಲ. ಅನುಭವಿಗಳು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಮೊಣಕಾಲಿನ ಎಲುಬು ಬಲಿಯುವ ಮೊದಲೇ ವೇಗವಾಗಿ ಓಡಿಸಿದರೆ ಎಷ್ಟು ಒಳ್ಳೆಯ ಮರಿಯೂ ಕುಂಟಾಗುತ್ತದೆ. ಕಾಯಲಾರದವನು ಪರೀಕ್ಷೆಯಲ್ಲಿ ಗೆದ್ದರೂ ಕುದುರೆಯನ್ನು ಕಳೆದುಕೊಳ್ಳುತ್ತಾನೆ.

ಇಷ್ಟೆಲ್ಲ ನೋಡಿದ ಮೇಲೂ ಕಣ್ಣು ತಪ್ಪುವುದುಂಟು. 2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ‘ದಿ ಗ್ರೀನ್ ಮಂಕಿ’ ಎಂಬ ಎರಡು ವರ್ಷದ ಕುದುರೆ 1 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ವಂಶ ಘನವಾದುದು, ಮೈಕಟ್ಟು ಚೆಲುವಾದುದು, ಮಾರಾಟಕ್ಕೆ ಮುಂಚಿನ ಓಟದಲ್ಲಿ ಅದು ಒಂದು ಫರ್ಲಾಂಗನ್ನು 9.8 ಸೆಕೆಂಡುಗಳಲ್ಲಿ ಕ್ರಮಿಸಿತ್ತು. ಮುಂದೆ ಅದು ಓಡಿದುದು ಮೂರೇ ಪಂದ್ಯಗಳಲ್ಲಿ. ಗೆದ್ದುದು ಒಂದನ್ನೂ ಇಲ್ಲ. ಅದೇ ದೇಶದಲ್ಲಿ 1975ರಲ್ಲಿ ‘ಸಿಯಾಟಲ್ ಸ್ಲೂ’ ಎಂಬ ಮರಿ 17,500 ಡಾಲರಿಗೆ ಮಾರಾಟವಾಗಿತ್ತು. ಅದರ ಬಲಗಡೆಯ ಮುಂಗಾಲು ಹೊರಕ್ಕೆ ತಿರುಗಿತ್ತು, ನಡಿಗೆ ಒಡ್ಡೊಡ್ಡಾಗಿತ್ತು. 1977ರಲ್ಲಿ ಆ ದೇಶದ ಮೂರು ಮಹಾಪಂದ್ಯಗಳನ್ನೂ ಗೆದ್ದುದು ಆ ಕುದುರೆಯೇ. ಅದುವರೆಗೆ ಅದು ಒಂದು ಪಂದ್ಯದಲ್ಲಿಯೂ ಸೋತಿರಲಿಲ್ಲ.

ಬಲ್ಲವರ ಕಣ್ಣು ಹೀಗೇಕೆ ತಪ್ಪುತ್ತದೆ? ಕಾಲಿನ ನೇರವನ್ನು ಅಳೆಯಬಹುದು, ಫರ್ಲಾಂಗಿನ ವೇಗವನ್ನು ಗಡಿಯಾರ ಹಿಡಿದು ಅಳೆಯಬಹುದು. ಆದರೆ ಒಂಟಿಯಾಗಿ ಓಡುವುದು ಬೇರೆ. ಇನ್ನೊಂದು ಕುದುರೆ ಮಗ್ಗುಲಿಗೆ ಬಂದು ಉಸಿರು ತಾಕಿಸಿದಾಗ ಓಡುವುದು ಬೇರೆ. ಆ ಎರಡನೆಯದನ್ನು ಅಳೆಯುವ ಗಡಿಯಾರ ಇನ್ನೂ ಸಿದ್ಧವಾಗಿಲ್ಲ.

ಕುದುರೆಯ ವಿಷಯದಲ್ಲಿಯೇ ಹೀಗಾದರೆ ಮನುಷ್ಯನ ವಿಷಯದಲ್ಲಿ ಹೇಳತಕ್ಕದ್ದೇನು? ಹಿಮದ ನಾಡುಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಎಂಬ ಆಟವುಂಟು. ಆಟಗಾರರು ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತ, ಚೆಂಡಿನ ಬದಲು ಚಪ್ಪಟೆಯಾದ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತಾರೆ. ಅಮೆರಿಕ ಮತ್ತು ಕೆನಡಾದ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಗೋಲು ಹೊಡೆಯುವ ಹುಡುಗನನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ; ಅವನು ಹೊಡೆದ ಗೋಲುಗಳನ್ನು ಎಣಿಸಿದರಾಯಿತು. ಹಿಂದೆ ನಿಂತು ಕೋಟೆ ಕಾಯುವ ಹುಡುಗನನ್ನು ಅಳೆಯುವುದೇ ಕಷ್ಟ. ಅವನು ಸರಿಯಾಗಿ ಆಡಿದರೆ ಏನೂ ಆಗುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಹತ್ತು ಅಪಾಯಗಳನ್ನು ಹುಟ್ಟುವ ಮೊದಲೇ ತಡೆದವನಿಗೆ ಚಪ್ಪಾಳೆಯಿಲ್ಲ. ಹನ್ನೊಂದನೆಯದನ್ನು ಬಿಟ್ಟುದಕ್ಕೆ ಬೈಗಳುಂಟು.

1989ರ ಆಯ್ಕೆಯಲ್ಲಿ ಸ್ವೀಡನ್ ದೇಶದ ನಿಕ್ಲಾಸ್ ಲಿಡ್‌ಸ್ಟ್ರೋಮ್ ಎಂಬ ಇಂಥ ಒಬ್ಬ ರಕ್ಷಣೆಯ ಆಟಗಾರನ ಸರದಿ ಬಂದುದು 53ನೆಯದಾಗಿ. ಅವನಿಗಿಂತ ಮೇಲೆಂದು 52 ಹುಡುಗರನ್ನು ಬಲ್ಲವರು ಎಣಿಸಿದ್ದರು. ಅವನನ್ನು ಆರಿಸಿದ ಡೆಟ್ರಾಯಿಟ್ ತಂಡದಲ್ಲಿ ಅವನು ಆಡತೊಡಗಿದುದು 1991ರಲ್ಲಿ. ನಡುವಣ ಎರಡು ವರ್ಷ ತನ್ನ ದೇಶದಲ್ಲಿಯೇ ಆಡಿ ಬಲಿತನು. ವರ್ಷದ ಅತ್ಯುತ್ತಮ ರಕ್ಷಣೆಯ ಆಟಗಾರನಿಗೆ ಸಲ್ಲುವ ಪ್ರಶಸ್ತಿ ಅವನಿಗೆ ಮೊದಲು ದೊರೆತುದು 2001ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ. 2011ರ ಹೊತ್ತಿಗೆ ಅದನ್ನು ಅವನು ಏಳು ಸಲ ಪಡೆದಿದ್ದನು. ಹದಿನೆಂಟು ಹತ್ತೊಂಬತ್ತರಲ್ಲಿ ಅವನನ್ನು ನೋಡಿ ‘ಪರವಾಗಿಲ್ಲ’ ಎಂದವರು ಸುಳ್ಳು ಹೇಳಿರಲಿಲ್ಲ. ಅಂದು ಕಂಡದ್ದನ್ನು ಹೇಳಿದರು. ಮುಂದಿನ ಹನ್ನೆರಡು ವರ್ಷಗಳನ್ನು ಅವರು ಕಾಣುವಂತಿರಲಿಲ್ಲ.

ಈಗ ಗುಬ್ಬಿಗೆ ಬರಬಹುದು. 1884ರಲ್ಲಿ ಅಲ್ಲಿ ಸ್ಥಾಪನೆಯಾದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ‘ಗುಬ್ಬಿ ಕಂಪನಿ’ ಎಂದೇ ನಾಡಿನಲ್ಲೆಲ್ಲ ಮನೆಮಾತಾಯಿತು. ಎಳೆಯ ಬಾಲಕನಾಗಿ ಆ ಕಂಪನಿಯನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. 1934ರಲ್ಲಿ ಬೆಂಗಳೂರಿನಲ್ಲಿ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ವನ್ನು ಆಡಿಸಿದವರು ಅವರು. ಆದರೆ ರಂಗದ ಮೇಲೆ ಅವರಿಗೆ ಹೆಸರು ತಂದುದು ರಾಜಪಾರ್ಟಲ್ಲ, ಹಾಸ್ಯ. ಇದೇ ಜಿಲ್ಲೆಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ರಚಿಸಿದ ‘ಸದಾರಮೆ’ ನಾಟಕದಲ್ಲಿ ಕಳ್ಳನ ಪಾತ್ರದಿಂದ ಅವರು ಜನರನ್ನು ನಕ್ಕು ನಲಿಸಿದರು. ಕಿರೀಟವಿಲ್ಲದ ಪಾತ್ರವೂ ಒಂದು ರಾತ್ರಿಯನ್ನು ಗೆಲ್ಲಬಲ್ಲುದೆಂದು ಸ್ವಂತ ಅನುಭವದಿಂದ ಬಲ್ಲವರು ಅವರು. ಹುಡುಗರನ್ನು ಅಳೆಯುವವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇರೊಂದಿಲ್ಲ.

ಕಂಪನಿ ನಾಟಕಗಳ ಆ ಕಾಲದಲ್ಲಿ ಹುಡುಗರು ಎರಡು ಬಗೆಯಾಗಿ ಬರುತ್ತಿದ್ದರು. ಕೆಲವರನ್ನು ಹಿರಿಯರೇ ಕರೆತಂದು ಬಿಡುತ್ತಿದ್ದರು. ಕೆಲವರು ಯಾರಿಗೂ ಹೇಳದೆ ಮನೆಬಿಟ್ಟು ಓಡಿಬರುತ್ತಿದ್ದರು. ಮೊದಲು ನೋಡುತ್ತಿದ್ದುದು ಕಂಠವನ್ನು. ಧ್ವನಿವರ್ಧಕವಿಲ್ಲದ ದಿನಗಳು, ಹಾಡಾಗಲಿ ಮಾತಾಗಲಿ ಡೇರೆಯ ಕಡೆಯ ಸಾಲಿಗೆ ತಲುಪಬೇಕು. ಆಮೇಲೆ ಮುಖಲಕ್ಷಣ, ಜ್ಞಾಪಕಶಕ್ತಿ, ತಾಳಜ್ಞಾನ. ಇಷ್ಟಿದ್ದರೆ ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ ಮುಂತಾದ ಬಾಲಪಾರ್ಟುಗಳು ಸಿಕ್ಕುತ್ತಿದ್ದುವು. ‘ಒನ್ಸ್ ಮೋರ್’ ಎಂಬ ಕೂಗು ಎದ್ದಿತೆಂದರೆ ಹುಡುಗ ಆ ಊರಿಗೆಲ್ಲ ಮುದ್ದಿನ ಮಗ.

ಆದರೆ ಈ ಪರೀಕ್ಷೆಯಲ್ಲಿ ಗೆದ್ದವನಿಗೇ ಮುಂದೆ ಗಂಡಾಂತರ ಕಾದಿರುತ್ತಿತ್ತು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಕಂಠ ಒಡೆಯುತ್ತದೆ. ನಿನ್ನೆ ಮೇಲಿನ ಷಡ್ಜಕ್ಕೆ ನಿರಾಯಾಸವಾಗಿ ಏರಿದ ಧ್ವನಿ ಇಂದು ನಡುವೆಯೇ ಕುಸಿಯುತ್ತದೆ. ಬಾಲಪಾರ್ಟಿಗೆ ದೊಡ್ಡವನಾದ, ರಾಜಪಾರ್ಟಿಗೆ ಇನ್ನೂ ಚಿಕ್ಕವನು. ಕಂಪನಿಯ ಊಟದ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವ ಒಂದು ಹೆಚ್ಚಿನ ಬಾಯಿ ಮಾತ್ರ ಅವನು. ಮಳೆ ಹಿಡಿದು ಆಟ ನಿಂತರೆ ಎಲ್ಲರಿಗೂ ಸಂಬಳ ಕೊಡುವುದೇ ದುಸ್ತರವಾದ ಕಾಲದಲ್ಲಿ ಇಂಥವನನ್ನು ಉಳಿಸಿಕೊಳ್ಳಬೇಕೆ, ಊರಿಗೆ ಕಳುಹಿಸಬೇಕೆ? ಹುಡುಗನ ಯೋಗ್ಯತೆಯನ್ನು ಅಳೆಯುವ ನಿಜವಾದ ಗಳಿಗೆ ಇದು. ಇಲ್ಲಿ ಅಳತೆಗೆ ಒಳಗಾಗುವವನು ಹುಡುಗನೊಬ್ಬನೇ ಅಲ್ಲ, ಒಡೆಯನೂ ಹೌದು.

ಅಂಥ ಹುಡುಗನಿಗೆ ದೂತನ ಪಾತ್ರವೋ ದ್ವಾರಪಾಲಕನ ಪಾತ್ರವೋ ಸಿಕ್ಕುತ್ತಿತ್ತು. ‘ಅಪ್ಪಣೆ, ಮಹಾಪ್ರಭು’ ಎಂಬ ಒಂದು ಮಾತು. ಆಮೇಲೆ ಅರ್ಧ ಗಂಟೆ ಈಟಿ ಹಿಡಿದು ನಿಲ್ಲುವ ಕೆಲಸ. ಕಣ್ಣುಳ್ಳವನಿಗೆ ಆ ಅರ್ಧ ಗಂಟೆಯೇ ಸಾಕು. ರಾಜನು ಮಾತನಾಡುವಾಗ ಈ ಹುಡುಗ ಕೇಳುತ್ತಿದ್ದಾನೆಯೇ, ಇಲ್ಲವೇ ಪ್ರೇಕ್ಷಕರಲ್ಲಿ ಪರಿಚಿತರನ್ನು ಹುಡುಕುತ್ತಿದ್ದಾನೆಯೇ? ಪರದೆಯ ಹಿಂದೆ ನಿಂತು ಇತರರ ಪಾತ್ರಗಳ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಾನೆಯೇ? ನಿನ್ನೆ ಮಾತು ಮರೆತು ನಗೆಗೀಡಾದವನು ಈ ಬೆಳಗಿನ ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದನೇ, ಹೊಟ್ಟೆನೋವೆಂದು ಮಲಗಿದನೇ? ಗೋಲು ಹೊಡೆಯದ ಆಟಗಾರನನ್ನು ಅಳೆಯುವ ಬಗೆಯೂ ಇದೇ. ಚಪ್ಪಾಳೆ ಬಾರದ ಹೊತ್ತಿನಲ್ಲಿ ಅವನು ಮಾಡುವುದೇನೆಂಬುದನ್ನು ನೋಡಬೇಕು.

ಗಾಜನೂರಿನ ಮುತ್ತುರಾಜನ ಕಥೆ ಎಲ್ಲರಿಗೂ ತಿಳಿದುದೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ರಾವಣ, ಹಿರಣ್ಯಕಶಿಪು ಮೊದಲಾದ ಉಗ್ರ ಪಾತ್ರಗಳಿಗೆ ಹೆಸರಾದವರು. ಕುಣಿಗಲ್ಲಿನವರ ಭಾಷೆಯಲ್ಲಿ ಹೇಳುವುದಾದರೆ ವಂಶಾವಳಿಗೆ ಕೊರತೆಯಿರಲಿಲ್ಲ. ಆದರೂ 1929ರಲ್ಲಿ ಹುಟ್ಟಿದ ಈ ಹುಡುಗನ ಶಾಲೆಯ ಓದು ಎಳವೆಯಲ್ಲೇ ನಿಂತಿತು. ಸಿಕ್ಕಿದುದು ಸಣ್ಣಪುಟ್ಟ ಪಾತ್ರಗಳು. 1942ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಬಾಲಕನಾಗಿ ಒಂದು ಚಿಕ್ಕ ಪಾತ್ರ. ಹತ್ತು ವರ್ಷಗಳ ಮೇಲೆ, 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಲ್ಲುವ ಅವಕಾಶ, ಏಳು ಗಡ್ಡಗಳ ನಡುವೆ ಒಂದು ಗಡ್ಡ. ಅಂದು ಆ ಚಿತ್ರವನ್ನು ನೋಡಿದವರಲ್ಲಿ ಏಳರಲ್ಲಿ ಇಂಥವನೇ ಮುಂದೆ ನಾಡನ್ನು ಆಳುತ್ತಾನೆಂದು ಬೆರಳು ತೋರಿಸಿ ಹೇಳಬಲ್ಲವರು ಎಷ್ಟು ಮಂದಿ?

ಎರಡೇ ವರ್ಷಗಳ ಅನಂತರ, 1954ರಲ್ಲಿ ಎಚ್. ಎಲ್. ಎನ್. ಸಿಂಹರ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ನಾಯಕ ಅದೇ ಮುತ್ತುರಾಜ್. ಹೆಸರು ಮಾತ್ರ ರಾಜ್‌ಕುಮಾರ್. ವೀರಣ್ಣನವರೇ ನಿರ್ಮಾಣಕ್ಕೆ ಹೆಗಲು ಕೊಟ್ಟಿದ್ದ ಆ ಚಿತ್ರದಲ್ಲಿ ಕಂಪನಿಯ ಗರಡಿಯಲ್ಲಿ ಪಳಗಿದ ಜಿ. ವಿ. ಅಯ್ಯರ್, ಇದೇ ಜಿಲ್ಲೆಯ ತಿಪಟೂರಿನ ನರಸಿಂಹರಾಜು ಇವರಿಬ್ಬರೂ ಇದ್ದರು. 1952ಕ್ಕೂ 1954ಕ್ಕೂ ನಡುವೆ ಆ ತರುಣನ ಮೈಯೂ ಕಂಠವೂ ಒಮ್ಮೆಗೇ ಬದಲಾಗಿರಲಾರವು. ಹನ್ನೆರಡು ವರ್ಷಗಳಿಂದ ಒಳಗೆ ಕೂಡುತ್ತ ಬಂದುದಕ್ಕೆ ಹೊರಗೆ ಒಂದು ಜಾಗ ದೊರೆಯಿತು, ಅಷ್ಟೆ. ಮುಂದೆ 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಯೋಗ್ಯತೆ ಇದ್ದರೂ ಜಾಗವಿಲ್ಲದೆ ಹೋಗಿದ್ದರೆ ಅದು ಏಳನೆಯ ಗಡ್ಡವಾಗಿಯೇ ಉಳಿಯುತ್ತಿತ್ತು.

ಅದೇ 1929ರಲ್ಲಿ ದಕ್ಷಿಣ ಕನ್ನಡದ ಮಂಚಿಯಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದನು. ನಾಟಕದ ಹುಚ್ಚು ಹತ್ತಿ ಮನೆಬಿಟ್ಟು ಓಡಿದ ಬಿ. ವಿ. ಕಾರಂತ ಕಡೆಗೆ ಗುಬ್ಬಿ ಕಂಪನಿಯನ್ನು ಸೇರಿದನು. ಸಂಗೀತ ಬಲ್ಲ, ಓದಿನಲ್ಲಿ ಆಸೆಯುಳ್ಳ ಇಂಥವನು ಯಾವ ಕಂಪನಿಗೂ ಲಾಭದ ಹುಡುಗ. ಪಾತ್ರ ಕೊಟ್ಟು ಕೈಕೆಳಗೆ ಇರಿಸಿಕೊಂಡಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ವೀರಣ್ಣನವರು ಹಾಗೆ ಮಾಡಲಿಲ್ಲ. ಅವನನ್ನು ಕಾಶಿಗೆ, ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಎಂ.ಎ. ಓದಲು ಕಳುಹಿಸಿದರು. ಅಲ್ಲಿ ಕಾರಂತರಿಗೆ ಪಂಡಿತ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತದ ಪಾಠವೂ ದೊರೆಯಿತು. ಅವರು ಮುಂದೆ 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಅವರು ಸಂಗೀತ ಸಂಯೋಜಿಸಿ ನಿರ್ದೇಶಿಸಿದ ನಾಟಕಗಳ ರೀತಿ ಗುಬ್ಬಿ ಕಂಪನಿಯ ರೀತಿಯಾಗಿರಲಿಲ್ಲ. ಆದರೂ ಅದರ ಮೊದಲ ಬೀಜಕ್ಕೆ ನೀರೆರೆದುದು ಆ ಕಂಪನಿಯ ಒಡೆಯರೇ.

ಇಲ್ಲಿ ಅಳತೆಯ ಮರ್ಮ ತಿಳಿಯುತ್ತದೆ. ‘ಈ ಹುಡುಗನಿಂದ ನನಗೇನು ಪ್ರಯೋಜನ?’ ಎಂದು ಕೇಳಿ ಅಳೆಯುವುದು ಒಂದು ಬಗೆ. ‘ಈ ಹುಡುಗ ಏನಾಗಬಲ್ಲ?’ ಎಂದು ಕೇಳಿ ಅಳೆಯುವುದು ಇನ್ನೊಂದು. ಕುದುರೆಯನ್ನು ಕೊಳ್ಳುವವನು ಮೊದಲನೆಯದನ್ನು ಕೇಳುತ್ತಾನೆ. ಅವನನ್ನು ದೂರುವಂತಿಲ್ಲ, ಅವನು ಹಣ ತೆತ್ತವನು. ಎರಡನೆಯದನ್ನು ಕೇಳುವವನು ಮಾತ್ರ, ಉತ್ತರ ತನ್ನ ಮನೆಯ ಹೊರಗಿದ್ದರೆ, ಬಾಗಿಲು ತೆರೆದು ದಾರಿಯ ಖರ್ಚನ್ನೂ ಕೊಟ್ಟು ಕಳುಹಿಸುತ್ತಾನೆ.

ಈ ಕಥೆಗೆ ಕತ್ತಲಿನ ಮಗ್ಗುಲೂ ಒಂದುಂಟು, ಅದನ್ನು ಮರೆಯಲಾಗದು. ಗೆದ್ದವರ ಹೆಸರುಗಳು ಪುಸ್ತಕದಲ್ಲಿ ಉಳಿದುವು. ಅವರೊಡನೆ ಒಂದೇ ಸಾಲಿನಲ್ಲಿ ಕುಳಿತು ಉಂಡು, ಒಂದೇ ಲಾರಿಯಲ್ಲಿ ಮೊಕ್ಕಾಂ ಬದಲಾಯಿಸಿ, ಕಂಠ ಒಡೆದ ಮೇಲೆ ಪರದೆ ಎಳೆಯಲೋ ಅಡುಗೆಯವರಿಗೆ ನೀರು ಹೊರಲೋ ನಿಂತ ಹುಡುಗರು ಕಂಪನಿ ಕಂಪನಿಗಳಲ್ಲಿ ಇದ್ದರು. ಶಾಲೆಯನ್ನು ಬಿಟ್ಟಾಗಿತ್ತು, ರಂಗ ಕೈಬಿಟ್ಟಿತು. ಅವರಲ್ಲಿ ಸಿರಿ ಇರಲಿಲ್ಲವೋ, ಇದ್ದುದನ್ನು ಯಾರೂ ಕಾಣಲಿಲ್ಲವೋ, ಹೇಳುವವರಿಲ್ಲ. ಕೊಂಡ ಕುದುರೆ ಓಡದಿದ್ದರೆ ಕೊಂಡವನಿಗೆ ನಷ್ಟ. ಹುಡುಗನ ಅಳತೆ ತಪ್ಪಿದರೆ ನಷ್ಟವೆಲ್ಲ ಹುಡುಗನಿಗೇ. ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಆದುದರಿಂದ ಮಕ್ಕಳ ಭವಿಷ್ಯವನ್ನು ನುಡಿಯುವ ನಾಲಗೆಗೆ ತುಸು ಅಂಜಿಕೆ ಇರುವುದು ಒಳ್ಳೆಯದು.

ಇಂದು ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೊಂದು ತುಮಕೂರಿನಲ್ಲಿದೆ. ಇಂಥ ಕಲಾಮಂದಿರಗಳಲ್ಲಿ ಮಕ್ಕಳ ನಾಟಕ ನಡೆಯುವ ಸಂಜೆ ತಂದೆತಾಯಿಗಳು ಮುಂದಿನ ಸಾಲುಗಳಲ್ಲಿ ಕುಳಿತಿರುತ್ತಾರೆ. ರಾಜನಾದ ಹುಡುಗನ ತಾಯಿಯ ಮುಖ ಅರಳಿರುತ್ತದೆ. ಮೂಲೆಯಲ್ಲಿ ಮರವಾಗಿಯೋ ಸೇವಕನಾಗಿಯೋ ನಿಂತವನ ತಂದೆ ಮನೆಗೆ ಹೋಗುವ ದಾರಿಯಲ್ಲಿ ‘ನಿನಗೇಕೆ ದೊಡ್ಡ ಪಾರ್ಟು ಕೊಡಲಿಲ್ಲವೋ?’ ಎಂದು ಕೇಳುತ್ತಾನೆ. ಅದರ ಬದಲು ‘ರಾಜನು ಮಾತು ಮರೆತಾಗ ನೀನು ಮೆಲ್ಲಗೆ ಹೇಳಿಕೊಟ್ಟೆಯಲ್ಲ, ನಾನು ನೋಡಿದೆ’ ಎಂದು ಒಂದು ಮಾತು ಹೇಳಿದರೆ, ಆ ಹುಡುಗ ಮುಂದೆ ಏನಾದರೂ ಆಗಲಿ, ತನ್ನನ್ನು ಕಂಡ ಕಣ್ಣು ಒಂದಿತ್ತೆಂದು ಬಹುಕಾಲ ನೆನೆಯುತ್ತಾನೆ.